ಕೆನ್ ಯೂಸ್ಟನ್

ಕೆನ್ ಯೂಸ್ಟನ್ (ಜನವರಿ 12, 1935 – ಸೆಪ್ಟೆಂಬರ್ 19, 1987) ಅಮೆರಿಕದ ಇಸ್ಪೀಟು ಆಟಗಾರರು ಹಾಗೂ ಲೇಖಕರು. ಬ್ಲ್ಯಾಕ್‌ಜಾಕ್ ಆಟದಲ್ಲಿ ತಂಡವಾಗಿ ಪಣವೊಡ್ಡುವ ಕ್ರಮವನ್ನು ಪ್ರಸಿದ್ಧಿಗೆ ತಂದವರು. ಎಲೆಗಳನ್ನು ಮನಸ್ಸಿನಲ್ಲೇ ಎಣಿಸುವ ಆಟಗಾರರ ಹಕ್ಕಿಗಾಗಿ ನ್ಯಾಯಾಲಯದಲ್ಲಿ ಹೋರಾಡಿ ಗೆದ್ದವರು.

ಜನನ ಮತ್ತು ವಿದ್ಯಾಭ್ಯಾಸ

ಯೂಸ್ಟನ್ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಇವರ ತಂದೆ ಜಪಾನಿನವರು, ತಾಯಿ ಆಸ್ಟ್ರಿಯಾದವರು. ಹದಿನಾರನೆಯ ವಯಸ್ಸಿನಲ್ಲಿ ಯೇಲ್ ವಿಶ್ವವಿದ್ಯಾಲಯವನ್ನು ಸೇರಿದ ಇವರು, ಮುಂದೆ ಹಾರ್ವರ್ಡ್‌ನಲ್ಲಿ ವ್ಯವಹಾರಾಡಳಿತದ ಸ್ನಾತಕೋತ್ತರ ಪದವಿ ಪಡೆದರು. ಪೆಸಿಫಿಕ್ ಸ್ಟಾಕ್ ಎಕ್ಸ್‌ಚೇಂಜ್ ಎಂಬ ಷೇರು ವಿನಿಮಯ ಕೇಂದ್ರದಲ್ಲಿ ಹಿರಿಯ ಉಪಾಧ್ಯಕ್ಷರಾಗಿದ್ದರು.

ತಂಡದ ಆಟ

ಕರ್ನಾಟಕದಲ್ಲಿ ಪರಿಚಿತವಾದ ಅಂದರ್-ಬಾಹರ್ ಆಟದಲ್ಲಿ ಪಣವಿಟ್ಟ ಮೇಲೆ ಆಟಗಾರನಿಗೆ ಮಾಡಲು ಏನೂ ಉಳಿಯುವುದಿಲ್ಲ. ಬ್ಲ್ಯಾಕ್‌ಜಾಕ್ ಹಾಗಲ್ಲ. 21ನ್ನು ಮೀರದಂತೆ ಎಲೆ ಪಡೆಯುತ್ತ, ಹಂಚುವವನಿಗಿಂತ ಹೆಚ್ಚು ಅಂಕ ಗಳಿಸುವುದು ಇದರ ಗುರಿ. ಹಂಚಿದ ಎಲೆಗಳು ಮತ್ತೆ ಕಲಸುವವರೆಗೂ ಕಟ್ಟಿಗೆ ಮರಳುವುದಿಲ್ಲ. ಆದ್ದರಿಂದ ಎಕ್ಕ, ರಾಜ, ರಾಣಿ, ಗುಲಾಮ ಮತ್ತು ಹತ್ತರ ಎಲೆಗಳು ಕಟ್ಟಿನಲ್ಲಿ ಹೆಚ್ಚಾಗಿ ಉಳಿದಾಗ ಆಟಗಾರನಿಗೆ ಅನುಕೂಲ ಹೆಚ್ಚು. ಆದರೆ ಒಬ್ಬನೇ ಎಣಿಸಿ ಪಣವನ್ನು ದಿಢೀರನೆ ಏರಿಸಿದರೆ ಕ್ಯಾಸಿನೊದವರಿಗೆ ಸಂಶಯ ಬರುತ್ತದೆ.

ಈ ತೊಡಕಿಗೆ ಆಲ್ ಫ್ರಾನ್ಸೆಸ್ಕೊ ಎಂಬ ಆಟಗಾರರು ತಂಡದ ಉಪಾಯವನ್ನು ಕಂಡುಕೊಂಡಿದ್ದರು. ಯೂಸ್ಟನ್ 1970ರ ದಶಕದಲ್ಲಿ ಇವರ ತಂಡವನ್ನು ಸೇರಿದರು. ಕೆಲವರು ಬೇರೆ ಬೇರೆ ಮೇಜುಗಳಲ್ಲಿ ಸಣ್ಣ ಪಣವಿಟ್ಟು ಎಲೆಗಳನ್ನು ಎಣಿಸುತ್ತಿದ್ದರು. ಅನುಕೂಲ ಸ್ಥಿತಿ ಬಂದೊಡನೆ ಅವರು ಸನ್ನೆ ಮಾಡುತ್ತಿದ್ದರು. ಆಗ ದೊಡ್ಡ ಆಟಗಾರನು ಬಂದು ಭಾರೀ ಪಣವೊಡ್ಡುತ್ತಿದ್ದನು. ದಂಪತಿಗಳು ಜೊತೆಯಾಗಿ ಆಡುವಾಗಲೂ ಇದೇ ತತ್ತ್ವವನ್ನು ಅನುಸರಿಸಬಹುದು: ಒಬ್ಬರು ಎಣಿಸುವುದು, ಇನ್ನೊಬ್ಬರು ಪಣವಿಡುವುದು, ಬಂಡವಾಳ ಇಬ್ಬರದೂ ಒಂದೇ. ಹೀಗೆ ದೊರೆಯುವ ಅನುಕೂಲ ಶೇಕಡಾ 1ರ ಆಸುಪಾಸಿನದು ಮಾತ್ರ. ಸತತ ಸೋಲಿಗೆ ಕೈಯ ಹಣವೆಲ್ಲ ಕರಗುವ ಸಂಭವವೂ ಉಂಟು.

ನ್ಯಾಯಾಲಯದ ಹೋರಾಟ

1979ರಲ್ಲಿ ಅಟ್ಲಾಂಟಿಕ್ ಸಿಟಿಯ ರೆಸಾರ್ಟ್ಸ್ ಇಂಟರ್‌ನ್ಯಾಷನಲ್ ಕ್ಯಾಸಿನೊ ಇವರಿಗೆ ಪ್ರವೇಶವನ್ನು ನಿರಾಕರಿಸಿತು. ಯೂಸ್ಟನ್ ದಾವೆ ಹೂಡಿದರು. ಆಟದ ನಿಯಮಗಳನ್ನು ರೂಪಿಸುವ ಅಧಿಕಾರ ರಾಜ್ಯದ ನಿಯಂತ್ರಣ ಆಯೋಗದ್ದೇ ಹೊರತು ಕ್ಯಾಸಿನೊದ್ದಲ್ಲ, ಎಣಿಸಿ ಆಡುವನೆಂಬ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಎಂದು ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ತೀರ್ಪಿತ್ತಿತು. ಬಳಿಕ ಅಲ್ಲಿನ ಕ್ಯಾಸಿನೊಗಳು ಕಟ್ಟುಗಳ ಸಂಖ್ಯೆಯನ್ನು ಹೆಚ್ಚಿಸಿ ಎಣಿಕೆಯ ಲಾಭವನ್ನು ಕುಗ್ಗಿಸಿದವು. ನೆವಾಡ ರಾಜ್ಯಕ್ಕೆ ಈ ತೀರ್ಪು ಅನ್ವಯಿಸಲಿಲ್ಲ. ಅಲ್ಲಿ ಯೂಸ್ಟನ್ ವೇಷ ಮರೆಸಿಕೊಂಡು ಆಡಬೇಕಾಗುತ್ತಿತ್ತು.

ಕೃತಿಗಳು ಮತ್ತು ನಿಧನ

'ದಿ ಬಿಗ್ ಪ್ಲೇಯರ್' (1977) ಮತ್ತು 'ಮಿಲಿಯನ್ ಡಾಲರ್ ಬ್ಲ್ಯಾಕ್‌ಜಾಕ್' (1981) ಇವರ ಹೆಸರಾಂತ ಕೃತಿಗಳು. ಮೊದಲನೆಯದನ್ನು ರೋಜರ್ ರಾಪೊಪೋರ್ಟ್ ಅವರೊಡನೆ ಬರೆದರು. ಯೂಸ್ಟನ್ 52ನೆಯ ವಯಸ್ಸಿನಲ್ಲಿ ಪ್ಯಾರಿಸ್ ನಗರದಲ್ಲಿ ನಿಧನರಾದರು.