ಚಿಟ್ಟೆಯ ಬೆನ್ನು ಹತ್ತಿದ ಗುಮಾಸ್ತ: ಹೆನ್ರಿ ವಾಲ್ಟರ್ ಬೇಟ್ಸ್

ಇಂಗ್ಲೆಂಡಿನ ಬರ್ಟನ್ ಎಂಬ ಊರಿನಲ್ಲಿ ಆಲ್ಸಪ್ ಎಂಬವರ ದೊಡ್ಡದೊಂದು ಬಿಯರ್ ಕಾರಖಾನೆಯಿತ್ತು. 1840ರ ದಶಕದಲ್ಲಿ ಅದರ ಕಚೇರಿಯಲ್ಲಿ ಇಪ್ಪತ್ತು ದಾಟಿದ ತರುಣನೊಬ್ಬನು ಗುಮಾಸ್ತನಾಗಿದ್ದನು. ಮೈ ಕಚೇರಿಯ ಕುರ್ಚಿಯಲ್ಲಿ, ಮನಸ್ಸು ಊರಾಚೆಯ ಪೊದೆಗಳಲ್ಲಿ. ಮುಂದೆ ಈತನು ಆ ಕುರ್ಚಿಯನ್ನು ಬಿಟ್ಟು ಸಮುದ್ರ ದಾಟಿದನು. ಹನ್ನೊಂದು ವರ್ಷ ಅಮೆಜಾನ್ ನದಿಯ ಕಾಡಿನಲ್ಲಿ ಅಲೆದನು. ಡಾರ್ವಿನ್ನನ ಸಿದ್ಧಾಂತಕ್ಕೆ ಚಿಟ್ಟೆಯ ರೆಕ್ಕೆಯ ಮೇಲಿಂದ ಸಾಕ್ಷ್ಯವನ್ನು ತಂದುಕೊಟ್ಟನು. ಬ್ಯಾಂಕಿನಲ್ಲಿ ಲೆಕ್ಕ ಬರೆದೇ ದಿನ ಕಳೆಯುವ ನಮಗೆ ಈ ಮನುಷ್ಯನ ಮೇಲೆ ವಿಶೇಷ ಮಮತೆಯುಂಟಾದರೆ ವಾಚಕರು ಆಶ್ಚರ್ಯಪಡಲಾರರು.

ಹೆನ್ರಿ ವಾಲ್ಟರ್ ಬೇಟ್ಸನು 1825ರ ಫೆಬ್ರುವರಿ 8ರಂದು ಲೆಸ್ಟರ್ ನಗರದಲ್ಲಿ ಹುಟ್ಟಿದನು. ತಂದೆಯದು ಕಾಲುಚೀಲದ ಉದ್ಯೋಗ. ಹುಡುಗನಿಗೆ ಹದಿಮೂರು ತುಂಬುವ ಹೊತ್ತಿಗೆ ಶಾಲೆ ಮುಗಿದು, ಇನ್ನೊಬ್ಬ ಕಾಲುಚೀಲದ ವ್ಯಾಪಾರಿಯ ಬಳಿ ಕೆಲಸ ಕಲಿಯಲು ಸೇರಿಸಿದರು. ಬೆಳಗಿನಿಂದ ರಾತ್ರಿಯವರೆಗೆ ದುಡಿತ. ಅದಾದ ಮೇಲೆ ಕೆಲಸಗಾರರಿಗಾಗಿ ನಡೆಯುತ್ತಿದ್ದ ಸಂಜೆಯ ತರಗತಿಗಳಲ್ಲಿ ಓದು. ರಜೆ ಸಿಕ್ಕಿದ ದಿನ ಹತ್ತಿರದ ಚಾರ್ನ್‌ವುಡ್ ಕಾಡಿನಲ್ಲಿ ಹುಳುಹುಪ್ಪಟೆಗಳ ಬೇಟೆ. ಹದಿನೆಂಟರ ಹರೆಯದಲ್ಲಿ, ಅಂದರೆ 1843ರಲ್ಲಿ, ಜೀರುಂಡೆಗಳನ್ನು ಕುರಿತ ಅವನ ಸಣ್ಣ ಟಿಪ್ಪಣಿಯೊಂದು ಪ್ರಾಣಿಶಾಸ್ತ್ರದ ಪತ್ರಿಕೆಯಲ್ಲಿ ಅಚ್ಚಾಯಿತು.

ಮರುವರ್ಷ ಲೆಸ್ಟರಿನ ಶಾಲೆಗೆ ಆಲ್ಫ್ರೆಡ್ ವಾಲೇಸ್ ಎಂಬ ತರುಣ ಉಪಾಧ್ಯಾಯನು ಬಂದನು. ಆಗ ಅವನಿಗೆ ಗಿಡಗಳ ಹುಚ್ಚು. ಜೀರುಂಡೆಯ ಹುಚ್ಚು ಹತ್ತಿಸಿದವನು ಬೇಟ್ಸನೇ. ಇಬ್ಬರೂ ಬಡವರು, ಇಬ್ಬರಿಗೂ ಕಾಲೇಜಿನ ಮೆಟ್ಟಿಲು ತಿಳಿಯದು. ಜೀವಜಾತಿಗಳು ಹೇಗೆ ಹುಟ್ಟಿದುವು ಎಂಬ ಪ್ರಶ್ನೆ ಮಾತ್ರ ಇಬ್ಬರನ್ನೂ ಕಾಡುತ್ತಿತ್ತು. ಹುಳುಗಳನ್ನು ಹಿಡಿದು ಕಳುಹಿಸಿದರೆ ಲಂಡನ್ನಿನಲ್ಲಿ ಸಂಗ್ರಾಹಕರು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಆ ದುಡ್ಡಿನಲ್ಲಿಯೇ ಪ್ರವಾಸ ನಡೆಯಬೇಕು. ಇಷ್ಟೇ ಬಂಡವಾಳದ ಮೇಲೆ ಇಬ್ಬರೂ 1848ರ ಏಪ್ರಿಲಿನಲ್ಲಿ ಲಿವರ್‌ಪೂಲ್ ಬಂದರಿನಲ್ಲಿ ಹಡಗು ಹತ್ತಿ, ಮೇ ತಿಂಗಳ ಕೊನೆಗೆ ಬ್ರೆಜಿಲ್ ದೇಶದ ಪಾರಾ ಪಟ್ಟಣದಲ್ಲಿ ಇಳಿದರು. ಬೇಟ್ಸನಿಗೆ ಆಗ ಇಪ್ಪತ್ತಮೂರು ವರ್ಷ.

ಕೆಲಕಾಲ ಕೂಡಿ ದುಡಿದು, ಆಮೇಲೆ ಬೇರೆ ಬೇರೆ ದಾರಿ ಹಿಡಿದರು. ವಾಲೇಸನು 1852ರಲ್ಲಿ ಊರಿಗೆ ಹೊರಟನು. ನಡುಗಡಲಿನಲ್ಲಿ ಹಡಗಿಗೆ ಬೆಂಕಿ ಬಿದ್ದು ಅವನ ಸಂಗ್ರಹದ ಬಹುಭಾಗ ಸುಟ್ಟುಹೋಯಿತು. ಬೇಟ್ಸನು ಅಲ್ಲಿಯೇ ಉಳಿದನು. ನದಿಯ ಮೇಲ್ಭಾಗದಲ್ಲಿ ಎಗಾ ಎಂಬ ಹಳ್ಳಿಯುಂಟು. ಈಗ ಅದಕ್ಕೆ ತೆಫೆ ಎಂದು ಹೆಸರು. ಮೊದಲ ಸಲ ಅಲ್ಲಿದ್ದಾಗ ಹನ್ನೆರಡು ತಿಂಗಳು ಲಂಡನ್ನಿನಿಂದ ಕಾಗದವಿಲ್ಲ, ಹಣವಿಲ್ಲ. ಬಟ್ಟೆ ಹರಿದು ಚಿಂದಿಯಾಯಿತು, ಕಾಲಿಗೆ ಜೋಡಿಲ್ಲ, ಆಳು ಓಡಿಹೋದನು, ಇದ್ದಬದ್ದ ಹಣವನ್ನೂ ಕಳ್ಳರು ಒಯ್ದರು. ಊರು ಬಿಟ್ಟು ಹೊಟ್ಟೆಪಾಡಿಗೆ ಬಂದವರಿಗೆ ಮನಿಯಾರ್ಡರಿನ ದಾರಿ ಕಾಯುವುದೆಂದರೇನು ಎಂದು ಮುಂಬಯಿಯ ನಮ್ಮ ಹಿರಿಯರನ್ನು ಕೇಳಬೇಕು. ಇವನದು ಅದಕ್ಕೂ ಹೆಚ್ಚಿನ ಸಂಕಟ, ಏಕೆಂದರೆ ಸುತ್ತಮುತ್ತ ತನ್ನ ಭಾಷೆಯ ಒಂದು ಮಾತಿಲ್ಲ, ಓದಲು ಹೊಸ ಪುಸ್ತಕವಿಲ್ಲ. ಇದ್ದ ಹಳೆಯ ಪತ್ರಿಕೆಗಳನ್ನೇ ತಿರುತಿರುಗಿ ಓದುತ್ತಿದ್ದನಂತೆ. ನಿಸರ್ಗವೊಂದರಿಂದಲೇ ಮನುಷ್ಯನ ಮನಸ್ಸು ತುಂಬುವುದಿಲ್ಲವೆಂದು ಆಮೇಲೆ ನಿಸ್ಸಂಕೋಚವಾಗಿ ಒಪ್ಪಿಕೊಂಡನು. ಆದರೂ ಎಗಾಕ್ಕೆ ಎರಡನೆಯ ಸಲ ಹೋಗಿ ನಾಲ್ಕು ವರ್ಷಕ್ಕೂ ಮಿಕ್ಕಿ ನಿಂತನು. ಆ ಹಳ್ಳಿಯ ಸುತ್ತಲೇ ಅವನಿಗೆ 550 ಜಾತಿಯ ಚಿಟ್ಟೆಗಳು ದೊರಕಿದುವು. ಇಡೀ ಬ್ರಿಟನ್ನಿನಲ್ಲಿ ಆಗ ಗೊತ್ತಿದ್ದುದು ಎಪ್ಪತ್ತಕ್ಕಿಂತ ಕಡಿಮೆ.

1859ರಲ್ಲಿ ಜ್ವರದಿಂದ ಜರ್ಜರಿತನಾಗಿ ಹಿಂದಿರುಗಿದಾಗ, ಗೆಳೆಯನ ಅನುಭವವನ್ನು ನೆನೆದು, ತನ್ನ ಸಂಗ್ರಹವನ್ನು ಮೂರು ಬೇರೆ ಬೇರೆ ಹಡಗುಗಳಲ್ಲಿ ಕಳುಹಿಸಿದನು. ಹನ್ನೊಂದು ವರ್ಷಗಳ ಜಮಾ ಹೀಗಿದೆ: ಸಸ್ತನಿ 52, ಪಕ್ಷಿ 360, ಸರೀಸೃಪ 140, ಮೀನು 120, ಕೀಟ 14,000, ಮೃದ್ವಂಗಿ 35, ಸಸ್ಯದಂತೆ ಕಾಣುವ ಜಲಜೀವಿ 5 ಜಾತಿ. ನಾವು ಅಭ್ಯಾಸಬಲದಿಂದ ಕೂಡಿ ನೋಡಿದೆವು. ಒಟ್ಟು 14,712 ಸರಿಯಾಗಿಯೇ ಬರುತ್ತದೆ. ಇವುಗಳಲ್ಲಿ ಸುಮಾರು 8,000 ಜಾತಿಗಳನ್ನು ವಿಜ್ಞಾನವು ಅಲ್ಲಿಯವರೆಗೆ ಕಂಡೇ ಇರಲಿಲ್ಲ.

ಆದರೆ ಬೇಟ್ಸನ ಹೆಸರು ಉಳಿದದ್ದು ಈ ಮೊತ್ತದಿಂದಲ್ಲ, ಲೆಕ್ಕಕ್ಕೆ ತಾಳೆಯಾಗದ ಒಂದು ಬಾಬಿನಿಂದ. ಅಮೆಜಾನ್ ಕಾಡಿನಲ್ಲಿ ಇಥೋಮಿಯ ಎಂಬ ಚಿಟ್ಟೆಗಳು ಗುಂಪು ಗುಂಪಾಗಿ, ಯಾರ ಹೆದರಿಕೆಯೂ ಇಲ್ಲದಂತೆ ನಿಧಾನವಾಗಿ ಹಾರಾಡುತ್ತವೆ. ಬಣ್ಣ ಎದ್ದು ಕಾಣುವಂಥದು. ಆದರೂ ಹಕ್ಕಿಗಳು ಅವುಗಳ ಗೊಡವೆಗೆ ಹೋಗುವುದಿಲ್ಲ. ಹಿಡಿದ ಗುಂಪನ್ನು ಮನೆಗೆ ತಂದು ಒಂದೊಂದಾಗಿ ನೋಡುವಾಗ ನಡುವೆ ಎಲ್ಲೋ ಒಂದು ಬೇರೆಯದು ಸಿಕ್ಕುತ್ತಿತ್ತು. ಅದೇ ಬಣ್ಣ, ಅದೇ ಪಟ್ಟೆ. ಆದರೆ ಕಾಲು ಮತ್ತು ರೆಕ್ಕೆಯ ನರಗಳನ್ನು ಪರೀಕ್ಷಿಸಿದರೆ ಅದು ನಮ್ಮ ಹಿತ್ತಲಿನ ಬಿಳಿಯ ಚಿಟ್ಟೆಗಳ ಬಳಗಕ್ಕೆ ಸೇರಿದ ಲೆಪ್ಟಾಲಿಸ್! ಇನ್ನೊಂದು ವಿಚಿತ್ರವೆಂದರೆ, ಊರಿಂದೂರಿಗೆ ಇಥೋಮಿಯದ ಬಣ್ಣ ಬದಲಾದಂತೆ ಲೆಪ್ಟಾಲಿಸಿನ ಬಣ್ಣವೂ ಜತೆಜತೆಗೆ ಬದಲಾಗುತ್ತಿತ್ತು.

ಬೇಟ್ಸನ ವಿವರಣೆ ಹೀಗೆ. ಇಥೋಮಿಯ ಹಕ್ಕಿಗಳ ಬಾಯಿಗೆ ಸೇರದು, ಲೆಪ್ಟಾಲಿಸ್ ಸೇರುತ್ತದೆ. ಯಾವ ಲೆಪ್ಟಾಲಿಸ್ ಅಕಸ್ಮಾತ್ತಾಗಿ ತುಸು ಇಥೋಮಿಯದಂತೆ ಹುಟ್ಟಿತೋ ಅದು ಹಕ್ಕಿಯ ಕಣ್ಣು ತಪ್ಪಿಸಿ ಬದುಕಿ ಮರಿಮಾಡಿತು. ಹೋಲದವು ಕೊಕ್ಕಿಗೆ ತುತ್ತಾದುವು. ತಲೆಮಾರಿನಿಂದ ತಲೆಮಾರಿಗೆ ಹೋಲಿಕೆ ಹದಗೊಂಡಿತು. ನಮ್ಮ ಕಡೆಯ ಹಗಲುವೇಷದವನು ಪೋಲೀಸಿನ ಸೋಗು ಹಾಕಿ ಸಂತೆಗೆ ಬಂದರೆ ಮಕ್ಕಳು ಬಾಗಿಲ ಹಿಂದೆ ಅಡಗುವುದಿಲ್ಲವೇ, ಅದೇ ನ್ಯಾಯ. ಆದರೆ ಹಗಲುವೇಷದವನು ಬಣ್ಣವನ್ನು ತಾನೇ ಬಳಿದುಕೊಳ್ಳುತ್ತಾನೆ. ಚಿಟ್ಟೆಗೆ ತಾನು ವೇಷದಲ್ಲಿರುವ ಸಂಗತಿಯೇ ತಿಳಿಯದು. ಊರಿಗೂರೇ ಪೋಲೀಸರಾದರೆ ಅಂಜುವವರು ಯಾರು? ಆದ್ದರಿಂದಲೇ ಸೋಗಿನ ಚಿಟ್ಟೆ ಸದಾ ವಿರಳ.

ಈ ಪ್ರಬಂಧವನ್ನು 1861ರ ನವೆಂಬರಿನಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಓದಲಾಯಿತು. ಡಾರ್ವಿನ್ನನ ಗ್ರಂಥ ಹೊರಬಂದು ಆಗಿನ್ನೂ ಎರಡು ವರ್ಷ. ಸುತ್ತಲೂ ವಿರೋಧದ ಗದ್ದಲ. ನಿಸರ್ಗದ ಆಯ್ಕೆಗೆ ಕಾಡಿನಿಂದಲೇ ಇಷ್ಟು ಸ್ಪಷ್ಟವಾದ ನಿದರ್ಶನ ಬಂದದ್ದು ಡಾರ್ವಿನ್ನನಿಗೆ ಹಿಡಿಸಲಾರದ ಸಂತೋಷವನ್ನು ತಂದಿತು. ತಾನೇ ವಿಮರ್ಶೆ ಬರೆದನು; ಪ್ರವಾಸದ ಕಥೆಯನ್ನು ಬರೆಯೆಂದು ಬೇಟ್ಸನನ್ನು ಹುರಿದುಂಬಿಸಿ ಪ್ರಕಾಶಕನನ್ನೂ ಗೊತ್ತುಮಾಡಿದನು. 1863ರಲ್ಲಿ ಬಂದ ಆ ಗ್ರಂಥವು ಪ್ರವಾಸ ಸಾಹಿತ್ಯದಲ್ಲಿ ಇಂದಿಗೂ ಮೇಲಿನ ಪಂಕ್ತಿಯಲ್ಲಿದೆ. ಅದೇ ವರ್ಷ ಮದುವೆಯೂ ಆಯಿತು.

ಇಷ್ಟೆಲ್ಲ ಆದರೂ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿ ಅವನಿಗೆ ಕೆಲಸ ಸಿಕ್ಕಲಿಲ್ಲ. ಡಿಗ್ರಿಯಿಲ್ಲದವನ ಪಾಡು ಎಲ್ಲ ದೇಶದಲ್ಲಿಯೂ ಒಂದೇ. 1864ರಲ್ಲಿ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಸಹಾಯಕ ಕಾರ್ಯದರ್ಶಿಯಾಗಿ ನೇಮಕವಾಯಿತು. ಸಾಯುವತನಕ ಇಪ್ಪತ್ತೆಂಟು ವರ್ಷ ಅದೇ ಹುದ್ದೆ. ಮತ್ತೆ ಮೇಜು, ಮತ್ತೆ ಕಾಗದ. ಪರರ ಪ್ರವಾಸಗಳನ್ನು ಏರ್ಪಡಿಸುವುದು, ಪರರ ವರದಿಗಳನ್ನು ತಿದ್ದುವುದು. ಬಿಡುವಿನಲ್ಲಿ ಜೀರುಂಡೆಗಳ ಅಭ್ಯಾಸ. 1881ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. 1892ರ ಫೆಬ್ರುವರಿ 16ರಂದು ಲಂಡನ್ನಿನಲ್ಲಿ ತೀರಿಕೊಂಡನು.

ಅವನು ಬಿಟ್ಟುಹೋದ ಪ್ರಶ್ನೆ ಮಾತ್ರ ತೀರಲಿಲ್ಲ. ಒಂದು ಸೋಗಿಗೆ ಬಣ್ಣ ಬೇಕು, ಪಟ್ಟೆ ಬೇಕು, ಚುಕ್ಕೆ ತಕ್ಕ ಸ್ಥಳದಲ್ಲಿ ಬೀಳಬೇಕು. ತಂದೆಯಿಂದೊಂದು ತಾಯಿಯಿಂದೊಂದು ಬಂದು ಇಸ್ಪೀಟಿನ ಎಲೆಗಳಂತೆ ಕಲಸಿಹೋದರೆ ವೇಷ ಅರೆಬರೆಯಾಗಿ, ಮರಿಗಳೆಲ್ಲ ಹಕ್ಕಿಯ ಪಾಲಾಗಬೇಕು. ಹಾಗೇಕೆ ಆಗುವುದಿಲ್ಲ? ಅನುವಂಶಿಕತೆಯ ನಿಯಮಗಳನ್ನು ಮೆಂಡೆಲನು 1866ರಲ್ಲಿಯೇ ಪ್ರಕಟಿಸಿದ್ದರೂ ಬೇಟ್ಸನು ಸಾಯುವತನಕ ಜಗತ್ತು ಅವನ್ನು ಗಮನಿಸಲಿಲ್ಲ. ಉತ್ತರ ಸಿಕ್ಕಿದ್ದು ನಮ್ಮ ಕಾಲದಲ್ಲಿ, ವಂಶವಾಹಿಗಳನ್ನು ಅಕ್ಷರ ಅಕ್ಷರವಾಗಿ ಓದುವ ವಿದ್ಯೆ ಕೈಗೂಡಿದ ಮೇಲೆ.

ಅಮೆಜಾನಿನ ಹೆಲಿಕೋನಿಯಸ್ ನ್ಯೂಮಾಟ ಎಂಬ ಚಿಟ್ಟೆ ಒಂದೇ ಕಾಡಿನಲ್ಲಿ ಹಲವು ವೇಷಗಳಲ್ಲಿ ಕಾಣಿಸುತ್ತದೆ. ಅದರ ಬಣ್ಣಕ್ಕೆ ಸಂಬಂಧಿಸಿದ ಹಲವು ವಂಶವಾಹಿಗಳಿರುವ ವರ್ಣತಂತುವಿನ ಒಂದು ತುಂಡು ಹಿಂದೆಂದೋ ತುಂಡಾಗಿ ತಲೆಕೆಳಗಾಗಿ ಕೂಡಿಕೊಂಡಿದೆ ಎಂದು 2011ರಲ್ಲಿ ತಿಳಿದುಬಂದಿತು. ತಲೆಕೆಳಗಾದ ತುಂಡು ಜೋಡಿಯ ತುಂಡಿನೊಡನೆ ಎಲೆ ಬದಲಾಯಿಸಿಕೊಳ್ಳಲಾರದು. ದಾರ ಹಾಕಿ ಹೊಲಿದ ಕಡತದಂತೆ ಇಡೀ ವೇಷವು ಒಟ್ಟಾಗಿಯೇ ಮಕ್ಕಳಿಗೆ ಹೋಗುತ್ತದೆ. 2012ರಲ್ಲಿ ಇನ್ನೊಂದು ಹೆಲಿಕೋನಿಯಸ್ ಚಿಟ್ಟೆಯ ಸಂಪೂರ್ಣ ವಂಶವಾಹಿ ಸಮೂಹವನ್ನು ಓದಿದಾಗ, ಬೇರೆ ಬೇರೆ ಜಾತಿಗಳು ಅಪರೂಪದ ಮಿಶ್ರಣದಿಂದ ರೆಕ್ಕೆಯ ನಕ್ಷೆಯನ್ನೇ ಒಂದರಿಂದೊಂದು ಎರವಲು ಪಡೆದಿರುವುದು ಕಂಡುಬಂದಿತು. ಇದು ಬೇಟ್ಸನ ಊಹೆಗೂ ಮೀರಿದ್ದು. ಅವನು ವಂಶವೃಕ್ಷದ ಕೊಂಬೆಗಳು ಕವಲೊಡೆಯುವುದನ್ನು ಕಂಡಿದ್ದನು. ಕವಲೊಡೆದ ಕೊಂಬೆಗಳು ಮತ್ತೆ ತಾಗುವುದನ್ನಲ್ಲ.

ಜಾತಿಗಳ ಎಣಿಕೆಯೂ ಬದಲಾಗುತ್ತಿದೆ. 1775ರಿಂದ ಒಂದೇ ಜಾತಿಯೆಂದು ಹೆಸರಾಗಿದ್ದ ಅಮೆರಿಕದ ಚಿಟ್ಟೆಯೊಂದನ್ನು ಕೋಸ್ಟರಿಕದಲ್ಲಿ ಡಿ.ಎನ್.ಎ. ನೋಡಿ ಪರೀಕ್ಷಿಸಿದವರು 2004ರಲ್ಲಿ ಅದು ಹತ್ತು ಜಾತಿಯೆಂದರು. ಹತ್ತೇ ಹೌದೇ ಎಂದು ಪಂಡಿತರಲ್ಲಿ ವಾದವೆದ್ದಿತು; ಒಂದಕ್ಕಿಂತ ಹೆಚ್ಚೆಂಬುದಂತೂ ನಿಂತಿತು. 14,712 ಎಂಬ ಬೇಟ್ಸನ ಮೊತ್ತವನ್ನೂ ಈ ರೀತಿ ಮರುಲೆಕ್ಕ ಮಾಡಿದರೆ ಬೆಳೆದೀತೇ ಹೊರತು ಇಳಿಯಲಾರದೆಂದು ನಮ್ಮ ಎಣಿಕೆ.

ಇನ್ನು ನಮ್ಮ ನಾಡಿಗೆ ಬರೋಣ. ಧಾರವಾಡದ ಕಡೆಯವರು ಪಾತರಗಿತ್ತಿಯೆನ್ನುವ, ಮೈಸೂರಿನವರು ಚಿಟ್ಟೆಯೆನ್ನುವ ಈ ಜೀವಿಗಳಲ್ಲಿ ಕಾಮನ್ ಮಾರ್ಮನ್ ಎಂಬುದೊಂದು ಕಪ್ಪು ಚಿಟ್ಟೆ. ಮುಂಬಯಿಯ ಗ್ಯಾಲರಿಗಳಲ್ಲಿ ನಮ್ಮ ಮನೆಯವರು ಕುಂಡದಲ್ಲಿ ಬೆಳೆಸುವ ಕರಿಬೇವಿನ ಎಲೆಯನ್ನು ತಿನ್ನುವ ಹಸಿರು ಹುಳು ಅನೇಕ ವೇಳೆ ಇದರದೇ. ಸಾರಿಗೆ ಒಗ್ಗರಣೆ ತಪ್ಪಿದರೂ ಅದನ್ನು ಹೊಸಕಬಾರದೆಂದು ನಮ್ಮ ವಿನಂತಿ. ಗಂಡಿಗೆ ಒಂದೇ ರೂಪ. ಹೆಣ್ಣಿಗೆ ಮೂರು: ಒಂದು ಗಂಡಿನಂತೆ, ಇನ್ನೆರಡು ಈಶ್ವರಿ ಬಳ್ಳಿಯ ವಿಷವನ್ನುಂಡು ಬೆಳೆಯುವ ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್ ಎಂಬ ಕೆಂಪು ಚುಕ್ಕೆಯ ಚಿಟ್ಟೆಗಳಂತೆ. ಈ ಹೆಣ್ಣುಗಳ ಸಂಗತಿಯನ್ನು ವಾಲೇಸನು 1865ರಲ್ಲಿಯೇ ಬರೆದಿದ್ದನು. ಬೇಟ್ಸನು ಹಡಗು ಹತ್ತಿದ ಲಿವರ್‌ಪೂಲಿನಲ್ಲಿಯೇ ಕ್ಲಾರ್ಕ್ ಮತ್ತು ಶೆಪರ್ಡ್ ಎಂಬಿಬ್ಬರು ಈ ಚಿಟ್ಟೆಗಳನ್ನು ಸಾಕಿ ತಳಿಯೆಬ್ಬಿಸಿ, ವೇಷವೆಲ್ಲ ವರ್ಣತಂತುವಿನ ಒಂದೇ ನೆಲೆಯಿಂದ ಬರುತ್ತದೆಂದು 1972ರಲ್ಲಿ ತೋರಿಸಿದರು. ಅಲ್ಲಿ ಹಲವು ವಂಶವಾಹಿಗಳ ಕಡತವಿರಬೇಕೆಂದು ಎಲ್ಲರ ನಿರೀಕ್ಷೆ. 2014ರಲ್ಲಿ ಕೃಷ್ಣಮೇಘ ಕುಂಟೆಯವರು ಶಿಕಾಗೋದ ಸಂಗಡಿಗರೊಡನೆ ಹುಡುಕಿದಾಗ ಸಿಕ್ಕಿದ್ದು ಒಂದೇ ಒಂದು: ಡಬಲ್‌ಸೆಕ್ಸ್ ಎಂಬ ವಂಶವಾಹಿ. ಕೀಟಗಳಲ್ಲಿ ಗಂಡು ಹೆಣ್ಣೆಂಬ ಭೇದವನ್ನು ರೂಪಿಸುವ ಹಳೆಯ ವಂಶವಾಹಿಯೇ ಇಲ್ಲಿ ಹೆಣ್ಣಿಗೆ ಸೋಗನ್ನೂ ತೊಡಿಸುತ್ತದೆ. ಕುಂಟೆಯವರ ಪ್ರಯೋಗಶಾಲೆಯಿರುವುದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಲ್ಲಿ. ಅದು ನಮ್ಮ ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಅಂಗ.

ಬೇಟ್ಸನು ಎಗಾದಲ್ಲಿ ಚಿಟ್ಟೆಗಳ ಬಣ್ಣದ ಚಿತ್ರಗಳನ್ನು ಬರೆದು, ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ವಿವರ ತುಂಬಿದ ಎರಡು ಪುಸ್ತಕಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಜಿಯಮ್ಮಿನಲ್ಲಿವೆ. ಅವನು ಸೂಜಿ ಚುಚ್ಚಿ ಕಳುಹಿಸಿದ ಚಿಟ್ಟೆಗಳಲ್ಲಿಯೂ ಅನೇಕವು ಅದೇ ಕಟ್ಟಡದ ಪೆಟ್ಟಿಗೆಗಳಲ್ಲಿವೆ.