ಜಿಮ್ ಕಾರ್ಬೆಟ್: ಗುಂಡಿಗೆ ಲೆಕ್ಕವಿಟ್ಟ ಬೇಟೆಗಾರ

ದೆಹಲಿಯಲ್ಲಿ ನೆಲೆಸಿರುವ ನಾವು ಬೇಸಿಗೆಯ ರಜೆ ಬಂತೆಂದರೆ ಮಕ್ಕಳುಮರಿಗಳೊಡನೆ ನೈನಿತಾಲಿನ ಕಡೆ ಹೊರಡುವುದುಂಟು. ಆ ಬೆಟ್ಟದ ತಪ್ಪಲಿನ ಕಾಲಾಢುಂಗಿಯಲ್ಲಿ ಜಿಮ್ ಕಾರ್ಬೆಟ್ಟರ ಚಳಿಗಾಲದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ರುದ್ರಪ್ರಯಾಗದ ಚಿರತೆಯ ಮೇಲಿನ ಅವರ ಪುಸ್ತಕವನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿರುವುದರಿಂದ ಕಾರ್ಬೆಟ್ಟರು ನಮ್ಮವರಿಗೆ ಹೊಸಬರೇನೂ ಅಲ್ಲ. ಅವರ ಧೈರ್ಯವನ್ನು ಎಲ್ಲರೂ ಬಲ್ಲರು. ಯಾವ ಕೋವಿ, ಯಾವ ತೋಟಾ, ಎಷ್ಟು ದೂರ ಎಂಬ ವಿಷಯದಲ್ಲಿ ಅವರಿಗಿದ್ದ ವಿವೇಕವನ್ನು ಕುರಿತು ಇಲ್ಲಿ ನಾಲ್ಕು ಮಾತು ಹೇಳಬಯಸುತ್ತೇವೆ.

ಕಾರ್ಬೆಟ್ಟರು ಹುಟ್ಟಿದ್ದು 1875ರ ಜುಲೈ 25ರಂದು, ನೈನಿತಾಲಿನಲ್ಲಿ. ಅಲ್ಲಿ ಪೋಸ್ಟ್‌ಮಾಸ್ತರರಾಗಿದ್ದ ತಂದೆ ಮಗ ಎಳೆಯವನಿದ್ದಾಗಲೇ ತೀರಿಕೊಂಡರು. ಬಾಲಕನ ಕೈಗೆ ಮೊದಲು ಬಂದದ್ದು ಮದ್ದು ತುಂಬುವ ಹಳೆಯ ಜೋಡುನಳಿಗೆ ಕೋವಿ. ಅದರ ಒಂದು ನಳಿಗೆ ಸೀಳಿಹೋಗಿತ್ತು. ಹಿತ್ತಾಳೆಯ ತಂತಿ ಸುತ್ತಿ ಅದನ್ನು ಬಿಗಿದಿದ್ದರು. ಆಮೇಲೆ ದೊರೆತದ್ದು .450 ಮಾರ್ಟಿನಿ ರೈಫಲ್. ಇದು ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವಂಥದು. ಗುರಿ ತಪ್ಪಿದರೆ ಇನ್ನೊಂದನ್ನು ತುಂಬುವ ತನಕ ಮೃಗ ಕಾದು ನಿಲ್ಲುವುದಿಲ್ಲವಷ್ಟೆ! ಇಂಥ ಕೋವಿ ಹಿಡಿದವನು ಸದ್ದಿಲ್ಲದೆ ಹತ್ತಿರ ಸಾರುವುದನ್ನು ಕಲಿಯಲೇಬೇಕು. ಮುಂದೆ ಮೊಕಾಮೆ ಘಾಟಿನಲ್ಲಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ರೈಲ್ವೆಯ ಸರಕು ಸಾಗಿಸುವ ಕೆಲಸದಲ್ಲಿದ್ದಾಗಲೂ ಈ ಪಾಠವನ್ನು ಅವರು ಮರೆಯಲಿಲ್ಲ.

1907ರಲ್ಲಿ ಚಂಪಾವತದ ಹೆಣ್ಣುಹುಲಿಯನ್ನು ಕೊಲ್ಲಲು ಅವರಿಗೆ ಕರೆ ಬಂತು. ಅವರು ಕೊಟ್ಟಿರುವ ಲೆಕ್ಕದಂತೆ, ನೇಪಾಳದಲ್ಲಿಯೂ ಕುಮಾವೂನಿನಲ್ಲಿಯೂ ಕೂಡಿ ಅದು ಕೊಂದ ಜನ 436. ಸರ್ಕಾರ ಘೋಷಿಸಿದ್ದ ಬಹುಮಾನವನ್ನು ರದ್ದುಮಾಡಬೇಕು, ಉಳಿದ ಬೇಟೆಗಾರರನ್ನು ಕಾಡಿನಿಂದ ಹಿಂದಕ್ಕೆ ಕರೆಸಬೇಕು ಎಂಬ ಎರಡು ಕರಾರುಗಳೊಡನೆ ಅವರು ಒಪ್ಪಿದರು. ಊರವರು ಗುಡ್ಡದ ಮೇಲಿಂದ ಗದ್ದಲವೆಬ್ಬಿಸಿ ಹುಲಿಯನ್ನು ಹೊರಡಿಸಿದರು. ಕಾರ್ಬೆಟ್ಟರ .500 ರೈಫಲಿಗೆ ಇದ್ದದ್ದು ಮೂರೇ ತೋಟಾ: ಎರಡು ಹುಲಿಗೆ, ಒಂದು ಆಪತ್ತಿಗೆ. ಮೊದಲನೆಯ ಗುಂಡು ದೂರದಿಂದ ಹಾರಿ ವ್ಯರ್ಥವಾಯಿತು. ಎರಡನೆಯದು ತಾಗಿತು, ಆದರೆ ಬೇಕಾದ ಜಾಗಕ್ಕಿಂತ ಹಿಂದಕ್ಕೆ. ಮೂರನೆಯದು ಮೂವತ್ತು ಗಜಕ್ಕೂ ಕಡಿಮೆ ದೂರದಿಂದ ಭುಜಕ್ಕೆ ಬಿದ್ದರೂ ಹುಲಿ ಕೆಡೆಯಲಿಲ್ಲ. ಗಾಯಗೊಂಡ ನರಭಕ್ಷಕ ಎದುರಿಗೆ, ಕೈಯಲ್ಲಿ ಬರಿದಾದ ರೈಫಲು! ದೈವಯೋಗದಿಂದ ಹುಲಿ ಮೇಲೆ ಬೀಳದೆ ಒಂದು ಬಂಡೆಯತ್ತ ಹೊರಳಿತು. ಕಾರ್ಬೆಟ್ಟರು ಓಡಿ ತಹಶೀಲ್ದಾರರ ಹಳೆಯ ಕೋವಿಯನ್ನು ಕಸಿದು ತಂದು, ಇಪ್ಪತ್ತು ಅಡಿಯಿಂದ ಹೊಡೆದು ಕೆಲಸ ಮುಗಿಸಿದರು.

ಸತ್ತ ಹುಲಿಯ ಬಾಯಿ ತೆರೆದು ನೋಡಿದಾಗ ಬಲಗಡೆಯ ಎರಡು ಕೋರೆಹಲ್ಲುಗಳು ಮುರಿದಿದ್ದವು. ಹಿಂದೆಂದೋ ಯಾರೋ ಹಾರಿಸಿದ ಗುಂಡಿನ ಫಲ ಅದು. ತನ್ನ ಸಹಜ ಬೇಟೆಯನ್ನು ಹಿಡಿಯಲಾರದೆ ಅದು ಮನುಷ್ಯರ ಮೇಲೆ ಬಿದ್ದಿತೆಂದು ಕಾರ್ಬೆಟ್ಟರು ತೀರ್ಮಾನಿಸಿದರು. ಆ ಗುಂಡು ಹಾರಿಸಿದವನ ಹೆಸರು ಅವರ ಪುಸ್ತಕದಲ್ಲಿಲ್ಲ. ಒಬ್ಬನ ಅವಿವೇಕದ ಬೆಲೆಯನ್ನು ಹುಲ್ಲು ಸೌದೆ ತರಲು ಹೋದ ಬಡ ಹೆಂಗಸರು ತೆರಬೇಕಾಯಿತು.

ಈ ಸಾಹಸಕ್ಕಾಗಿ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂವೆಟ್ಟರು ಅವರಿಗೆ .275 ರಿಗ್ಬಿ ರೈಫಲನ್ನು ಬಹುಮಾನವಾಗಿ ಕೊಟ್ಟರು. ಆ ಜಾತಿಯ ರೈಫಲಿನ ಹಗುರ ಗುಂಡಿನ ತೂಕ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. ಅದು ವೇಗವಾಗಿ, ಹೆಚ್ಚು ಬಾಗದೆ ಹಾರುತ್ತದೆ. ಅವರ ಇನ್ನೊಂದು ಸಂಗಾತಿ .450/400 ಜೋಡುನಳಿಗೆ ರೈಫಲು. ಅದರ ಗುಂಡು 400 ಗ್ರೇನ್, ಸುಮಾರು 26 ಗ್ರಾಂ. ಮೈಮೇಲೆ ಬರುವ ಹುಲಿಯನ್ನು ಹತ್ತಿರದಲ್ಲಿ ತಡೆಯಲು ಇದು ಮೇಲು. ಎರಡನೆಯ ಗುಂಡೂ ಕೂಡಲೇ ಸಿದ್ಧ. ಆದರೆ ದಿನವೆಲ್ಲ ಬೆಟ್ಟ ಹತ್ತಿ ಇಳಿಯುವವನಿಗೆ ಭಾರ. ಎಷ್ಟೇ ದೊಡ್ಡ ತೋಟಾ ಆದರೂ ಗುಂಡು ತಾಗಬೇಕಾದ ಕಡೆ ತಾಗದಿದ್ದರೆ ಪ್ರಯೋಜನವಿಲ್ಲ ಎಂಬುದನ್ನು ಚಂಪಾವತವೇ ತೋರಿಸಿತ್ತು.

1930ರ ಏಪ್ರಿಲಿನಲ್ಲಿ ಚೌಗಢದ ನರಭಕ್ಷಕ ಹೆಣ್ಣುಹುಲಿ ಬಂಡೆಯೊಂದರ ಹಿಂದೆ, ಎಂಟೇ ಅಡಿ ದೂರದಲ್ಲಿ ಎದುರಾಯಿತು. ಕಾರ್ಬೆಟ್ಟರ ಎಡಗೈಯಲ್ಲಿ ಹಕ್ಕಿಯ ಮೊಟ್ಟೆಗಳು, ಬಲಗೈಯಲ್ಲಿ ರಿಗ್ಬಿ. ಹುಲಿ ಬೆದರದಂತೆ ರೈಫಲನ್ನು ಒಂದೇ ಕೈಯಲ್ಲಿ ಮೆಲ್ಲಮೆಲ್ಲನೆ ತಿರುಗಿಸಿ ಹೊಡೆದರು. ಭಾರದ ರೈಫಲಿದ್ದರೆ ಅಂದು ಅವರು ಉಳಿಯುತ್ತಿರಲಿಲ್ಲವೆಂದು ನಮಗೆ ತೋರುತ್ತದೆ. ಎಂಟು ವರ್ಷಗಳಲ್ಲಿ 125 ಜನರನ್ನು ತಿಂದ ರುದ್ರಪ್ರಯಾಗದ ಚಿರತೆಯೂ 1926ರ ಮೇ ತಿಂಗಳ ಒಂದು ರಾತ್ರಿ ಇದೇ ರೈಫಲಿನ ಒಂದೇ ಗುಂಡಿಗೆ ಬಿದ್ದಿತು. ಮಾವಿನ ಮರದ ಅಟ್ಟಣೆಯ ಮೇಲೆ ರಾತ್ರಿಗಟ್ಟಲೆ ಕಾದು, ಚಿರತೆ ಟಾರ್ಚಿನ ಬೆಳಕಿಗೆ ಸಿಕ್ಕಿದಾಗಲೇ ಅವರು ಗುಂಡು ಹಾರಿಸಿದ್ದು.

ವಯಸ್ಸಾದಂತೆ ಅವರು ಕೋವಿಗಿಂತ ಕ್ಯಾಮೆರಾವನ್ನೇ ಹೆಚ್ಚು ಮೆಚ್ಚಿದರು. 1936ರಲ್ಲಿ ಕುಮಾವೂನಿನ ತಪ್ಪಲಲ್ಲಿ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಗಲು ನೆರವಾದರು. 1947ರಲ್ಲಿ ಕೀನ್ಯಾಕ್ಕೆ ಹೋಗಿ, 1955ರ ಏಪ್ರಿಲ್ 19ರಂದು ಅಲ್ಲಿಯೇ ತೀರಿಕೊಂಡರು. 1957ರಲ್ಲಿ ಆ ಉದ್ಯಾನಕ್ಕೆ ಅವರ ಹೆಸರಿಟ್ಟರು. 1973ರಲ್ಲಿ ಹುಲಿ ಯೋಜನೆ ಆರಂಭವಾದದ್ದೂ ಅಲ್ಲಿಯೇ.

1972ರ ವನ್ಯಜೀವಿ ಕಾಯಿದೆಯಿಂದ ನಮ್ಮ ದೇಶದಲ್ಲಿ ಹುಲಿಬೇಟೆ ಅಪರಾಧವಾಗಿದೆ, ಹಾಗಾದದ್ದು ಒಳ್ಳೆಯದೇ. ಆದರೂ ಕಾರ್ಬೆಟ್ಟರ ಪುಸ್ತಕವನ್ನು ನಮ್ಮ ಮಕ್ಕಳ ಕೈಗೆ ಕೊಡುವಾಗ ಹುಲಿ ಬಿದ್ದ ಪುಟವೊಂದನ್ನೇ ತೋರಿಸಿದರೆ ಸಾಲದು. ಮುರಿದ ಆ ಎರಡು ಕೋರೆಹಲ್ಲುಗಳ ಪುಟವನ್ನೂ ಅವರಿಗೆ ಓದಿ ಹೇಳೋಣ.