ಎರೆಹುಳುವಿನ ಮುಂದೆ ಕುಳಿತ ಡಾರ್ವಿನ್

ಆದವಾನಿ ಸೀಮೆಯ ನಮಗೆ ಎರೆ ಎಂದೊಡನೆ ನೆನಪಾಗುವುದು ಹತ್ತಿ ಬೆಳೆಯುವ ಕಪ್ಪು ಹೊಲ. ಅದೇ ಸದ್ದನ್ನು ತನ್ನ ಹೆಸರಿನಲ್ಲಿ ಹೊತ್ತದ್ದು ಎರೆಹುಳು. ಬೀದಿಗಿಳಿದರೆ ನಮ್ಮ ಮಕ್ಕಳೇ ಅದನ್ನು ತೆಲುಗಿನಲ್ಲಿ ವಾನಪಾಮು, ಅಂದರೆ ಮಳೆಹಾವು, ಎಂದು ಕರೆಯುತ್ತಾರೆ. ಈಚೆಗೆ ಕೆಲವು ವಿದ್ಯಾರ್ಥಿಗಳು ಮನೆಯ ಹಿತ್ತಲಿನಲ್ಲಿ ಹಳೆಯ ಡ್ರಮ್ಮುಗಳನ್ನಿಟ್ಟು ಎರೆಗೊಬ್ಬರ ಮಾಡತೊಡಗಿದಾಗ, ಹುಳುಗಳ ಮುಂದೆ ಕೂತು ಕಾಲ ಕಳೆಯುವುದೂ ಒಂದು ಓದೇ ಎಂದು ಪೋಷಕರೊಬ್ಬರು ನಮ್ಮನ್ನು ಕೇಳಿದರು. ಅವರಿಗೆ ಉತ್ತರವಾಗಿ ಚಾರ್ಲ್ಸ್ ಡಾರ್ವಿನ್ನರ ಬದುಕನ್ನು ಇಲ್ಲಿ ಹೇಳಬಯಸುತ್ತೇವೆ. ಜೀವವಿಕಾಸದ ಸಿದ್ಧಾಂತಕ್ಕಾಗಿ ಜಗತ್ತು ಅವರನ್ನು ಬಲ್ಲದು. ಅವರ ಕೊನೆಯ ಪುಸ್ತಕ ಎರೆಹುಳುವನ್ನು ಕುರಿತದ್ದೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಡಾರ್ವಿನ್ನರು ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ. ತಂದೆ ಹೆಸರಾಂತ ವೈದ್ಯರು. ಎಂಟನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡರು. ಅಂದಿನ ಶಾಲೆಯಲ್ಲಿ ವಿದ್ಯೆಯೆಂದರೆ ಗ್ರೀಕ್ ಮತ್ತು ಲ್ಯಾಟಿನ್. ಮನೆಯಲ್ಲಿ ಯಾರೂ ಆಡದ ಆ ಭಾಷೆಗಳ ಪದ್ಯಗಳನ್ನು ಬಾಯಿಪಾಠ ಮಾಡಿ ಮರುದಿನವೇ ಮರೆಯುವುದು ಹುಡುಗನ ಪಾಡಾಗಿತ್ತು. ಅವನು ನಿಜವಾಗಿ ಕಲಿತದ್ದು ಮನೆಯ ತೋಟದ ಉಪಕರಣಗಳ ಕೊಠಡಿಯಲ್ಲಿ, ಅಣ್ಣನೊಡನೆ ರಸಾಯನ ಪ್ರಯೋಗ ಮಾಡುತ್ತ. ಇಂಥ ಕೆಲಸಕ್ಕೆ ಬಾರದ ವಿಷಯಗಳಲ್ಲಿ ಕಾಲ ಹಾಳುಮಾಡುತ್ತಾನೆಂದು ಮುಖ್ಯೋಪಾಧ್ಯಾಯರು ಎಲ್ಲರೆದುರೇ ಬೈದರಂತೆ. ನಾವೂ ಮಾಸ್ತರರೇ ಆದ್ದರಿಂದ ಈ ಪ್ರಸಂಗ ಬಂದಾಗಲೆಲ್ಲ ನಮಗೆ ತುಸು ನಾಚಿಕೆಯೆನಿಸುತ್ತದೆ.

ವೈದ್ಯನಾಗಲೆಂದು ತಂದೆ 1825ರಲ್ಲಿ ಎಡಿನ್‌ಬರೋಗೆ ಕಳುಹಿಸಿದರು. ಅರಿವಳಿಕೆಯಿಲ್ಲದ ಆ ಕಾಲದ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಡಾರ್ವಿನ್ನರು ಆ ಓದನ್ನು ಬಿಟ್ಟರು. ಪಾದ್ರಿಯಾಗಲೆಂದು ಕೇಂಬ್ರಿಜ್‌ಗೆ ಕಳುಹಿಸಿದರೆ ಅಲ್ಲಿ ಜೀರುಂಡೆ ಹಿಡಿಯುತ್ತ ಅಲೆದರು. 1831ರ ಡಿಸೆಂಬರಿನಲ್ಲಿ ಬೀಗಲ್ ಎಂಬ ಹಡಗನ್ನೇರಿ ಸುಮಾರು ಐದು ವರ್ಷ ಲೋಕ ಸುತ್ತಿ 1836ರ ಅಕ್ಟೋಬರಿನಲ್ಲಿ ಹಿಂದಿರುಗಿದರು. ಆ ಪಯಣದ ಕಥೆ ಪಠ್ಯಪುಸ್ತಕಗಳಲ್ಲಿದೆ. ನಮಗೆ ಬೇಕಾದದ್ದು ಅದರ ಮರುವರ್ಷ ನಡೆದ ಒಂದು ಸಣ್ಣ ಸಂಗತಿ.

1837ರಲ್ಲಿ ಅವರು ಸೋದರಮಾವ ಜೊಸಾಯ ವೆಜ್‌ವುಡ್ಡರ ಮನೆಗೆ ಹೋಗಿದ್ದರು. ಮಾವ ತಮ್ಮ ಹುಲ್ಲುಗಾವಲನ್ನು ತೋರಿಸಿದರು. ಕೆಲವು ವರ್ಷಗಳ ಹಿಂದೆ ಅಲ್ಲಿ ಹರಡಿದ್ದ ಸುಣ್ಣ ಮತ್ತು ಕೆಂಡದ ಚೂರುಗಳು ಈಗ ಮೇಲೆಲ್ಲೂ ಕಾಣುತ್ತಿರಲಿಲ್ಲ. ಅಗೆದರೆ ಕೆಲವು ಅಂಗುಲ ಕೆಳಗೆ ಪದರವಾಗಿ ಕೂತಿದ್ದವು. ಯಾರೂ ಅವನ್ನು ಹೂತಿರಲಿಲ್ಲ. ಎರೆಹುಳುಗಳು ಕೆಳಗಿನ ಮಣ್ಣನ್ನು ನುಂಗಿ ಮೇಲೆ ಹಿಕ್ಕೆಯಾಗಿ ಹಾಕುತ್ತ ಹೋದುದರಿಂದ ಚೂರುಗಳು ಮುಚ್ಚಿಹೋಗಿರಬೇಕೆಂಬುದು ಮಾವನ ಊಹೆ. ಡಾರ್ವಿನ್ನರು ಅದನ್ನು ಹಗುರವಾಗಿ ಕಾಣಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಮುಂದೆ ಪ್ರಬಂಧ ಓದಿದರು. ಮೊದಲು ಹೊಳೆದದ್ದು ಮಾವನಿಗೆ ಎಂಬುದನ್ನು ಮುಚ್ಚಿಡಲಿಲ್ಲ.

1839ರಲ್ಲಿ ಆ ಮಾವನ ಮಗಳು ಎಮ್ಮಾರನ್ನು ಮದುವೆಯಾದರು. 1842ರಲ್ಲಿ ಲಂಡನ್ ಬಿಟ್ಟು ಡೌನ್ ಎಂಬ ಹಳ್ಳಿಗೆ ಬಂದು ನೆಲೆಸಿದರು. ತಂದೆಯ ಹಣವಿದ್ದುದರಿಂದ ಅವರು ಸಂಬಳಕ್ಕೆ ದುಡಿಯಬೇಕಾಗಿ ಬರಲಿಲ್ಲ. ಮಕ್ಕಳಿಗೆ ಈ ಕಥೆ ಹೇಳುವಾಗ ಇದನ್ನೂ ಹೇಳಬೇಕು. ಹಾಗೆಂದು ಬಾಳು ಸುಖದ್ದಾಗಿರಲಿಲ್ಲ. ದೀರ್ಘಕಾಲ ಕಾಯಿಲೆ ಕಾಡಿತು. ಹತ್ತು ಮಕ್ಕಳಲ್ಲಿ ಮೂವರು ಎಳವೆಯಲ್ಲೇ ಹೋದರು. 1851ರಲ್ಲಿ ಹತ್ತು ವರ್ಷದ ಆ್ಯನಿಯನ್ನು ಕಳೆದುಕೊಂಡ ದುಃಖ ತಂದೆಯನ್ನು ಕೊನೆಯವರೆಗೂ ಬಿಡಲಿಲ್ಲ.

ಡೌನ್‌ಗೆ ಬಂದ ಮೊದಲ ಚಳಿಗಾಲದಲ್ಲೇ, 1842ರ ಡಿಸೆಂಬರಿನಲ್ಲಿ, ಮನೆಯ ಹತ್ತಿರದ ಹೊಲದ ಒಂದು ಭಾಗದಲ್ಲಿ ಸೀಮೆಸುಣ್ಣದ ಕಲ್ಲಿನ ಚೂರುಗಳನ್ನು ಹರಡಿಸಿ ಸುಮ್ಮನಾದರು. ಸುಮ್ಮನಾದದ್ದು 29 ವರ್ಷ. ನಡುವೆ 1859ರಲ್ಲಿ ಜೀವಜಾತಿಗಳ ಉಗಮದ ಪುಸ್ತಕ ಬಂತು, ಲೋಕವೆಲ್ಲ ಗದ್ದಲವೆದ್ದಿತು. 1871ರ ನವೆಂಬರ್ ಕೊನೆಯಲ್ಲಿ ಅದೇ ಹೊಲದಲ್ಲಿ ಕಾಲುವೆ ತೋಡಿಸಿ ನೋಡಿದರೆ ಬಿಳಿಯ ಚೂರುಗಳ ಸಾಲು 7 ಅಂಗುಲ ಆಳದಲ್ಲಿತ್ತು. ವರ್ಷಕ್ಕೆ ಕಾಲು ಅಂಗುಲಕ್ಕಿಂತ ಕಡಿಮೆ! ಇಷ್ಟು ದುರ್ಬಲವಾದ, ಇಷ್ಟು ಸಣ್ಣ ಜೀವಿಯಿಂದ ಇಂಥ ಕೆಲಸವಾಗದೆಂದು ಅದಕ್ಕೆ ಮೊದಲೇ ತೋಟಗಾರಿಕೆಯ ಪತ್ರಿಕೆಯೊಂದರಲ್ಲಿ ಆಕ್ಷೇಪ ಬಂದಿತ್ತು. ಸಣ್ಣದನ್ನು ದೀರ್ಘಕಾಲದಿಂದ ಗುಣಿಸಲು ಆಕ್ಷೇಪಿಸಿದವರು ಮರೆತಿದ್ದರು. ಇಂಗ್ಲೆಂಡಿನ ಅನೇಕ ಕಡೆ ಒಂದೊಂದು ಎಕರೆಯಲ್ಲೂ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಒಣಮಣ್ಣು ಹುಳುಗಳ ದೇಹದ ಮೂಲಕ ಹಾದು ಮೇಲೆ ಬರುತ್ತದೆಂದು ಡಾರ್ವಿನ್ನರು ಲೆಕ್ಕ ಹಾಕಿದರು.

ಮುಪ್ಪಿನಲ್ಲಿ ಅವರು ಹುಳುಗಳನ್ನು ಮಣ್ಣು ತುಂಬಿದ ಕುಂಡಗಳಲ್ಲಿ ಮನೆಯೊಳಗೇ ಸಾಕಿದರು. ರಾತ್ರಿ ದೀಪ ಹಿಡಿದು ನೋಡಿದರು. ಲೋಹದ ಸೀಟಿ ಊದಿಸಿದರು, ಪಿಯಾನೊ ನುಡಿಸಿದರು. ಹುಳುಗಳು ಕದಲಲಿಲ್ಲ. ಕುಂಡವನ್ನು ಪಿಯಾನೊದ ಮೇಲೆಯೇ ಇಟ್ಟು ಸ್ವರ ಒತ್ತಿದಾಗ ಮಾತ್ರ ಸರ್ರನೆ ಬಿಲ ಸೇರಿದವು: ಕಿವಿಯಿಲ್ಲ, ಕಂಪನ ತಿಳಿಯುತ್ತದೆ. ಎಲೆಗಳನ್ನು ಬಿಲದೊಳಕ್ಕೆ ಯಾವ ತುದಿಯಿಂದ ಎಳೆಯುತ್ತವೆಂದು ತಿಳಿಯಲು ಕಾಗದದ ತ್ರಿಕೋನಗಳನ್ನು ಕತ್ತರಿಸಿ ಇಟ್ಟರು. ಎಳೆದೊಯ್ದ 303 ತ್ರಿಕೋನಗಳಲ್ಲಿ ಶೇಕಡಾ 62ರಷ್ಟನ್ನು ಚೂಪಾದ ಮೂಲೆಯಿಂದಲೇ ಹಿಡಿದಿದ್ದವು. ಹುಳುವಿಗೂ ತುಸು ಬುದ್ಧಿಯಿದೆ ಎಂಬ ನಿರ್ಣಯಕ್ಕೆ ಅವರು ಬಂದದ್ದು ಹೀಗೆ. 68ರ ವಯಸ್ಸಿನಲ್ಲಿ ಸ್ಟೋನ್‌ಹೆಂಜಿನ ಪುರಾತನ ಬಂಡೆಗಳ ಬಳಿಗೂ ಹೋಗಿ, ಬಿದ್ದ ಕಲ್ಲುಗಳು ಎಷ್ಟು ಹೂತಿವೆಯೆಂದು ಅಳೆದರು. ನಮ್ಮ ದಕ್ಷಿಣದ ನೀಲಗಿರಿಯಿಂದಲೂ ದೊಡ್ಡ ಹಿಕ್ಕೆಗಳನ್ನು ತರಿಸಿ ಪರೀಕ್ಷಿಸಿದ್ದರು.

1881ರ ಅಕ್ಟೋಬರಿನಲ್ಲಿ ಪುಸ್ತಕ ಹೊರಬಂದು ಸಾವಿರಗಟ್ಟಲೆ ಪ್ರತಿ ಖರ್ಚಾಯಿತು. ಆರು ತಿಂಗಳ ಬಳಿಕ, 1882ರ ಏಪ್ರಿಲ್ 19ರಂದು ಡಾರ್ವಿನ್ನರು ತೀರಿಕೊಂಡರು. ಅವರನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡಲಾಯಿತು.

ಡ್ರಮ್ಮು ಇಟ್ಟಿರುವ ಮನೆಗಳವರಿಗೆ ಒಂದು ಮಾತು. ಡಾರ್ವಿನ್ನರು ನೋಡಿದ್ದು ಮಣ್ಣಿನಾಳದಲ್ಲಿ ಬಿಲ ಕೊರೆಯುವ ಹುಳು. ಗೊಬ್ಬರದ ತೊಟ್ಟಿಗೆ ನಾವು ತರುವುದು ಮೇಲ್ಪದರದ ಕಸದಲ್ಲೇ ಬದುಕುವ ಬೇರೆ ಜಾತಿ. ಅದಕ್ಕೆ ಅಡಗಿಕೊಳ್ಳಲು ಆಳವಿಲ್ಲ. ನಾವು ಮೊದಲ ಸಲ ತೊಟ್ಟಿಯನ್ನು ತಗಡಿನ ಚಾವಣಿಯ ಕೆಳಗಿಟ್ಟು, ಏಪ್ರಿಲ್ ಬಿಸಿಲಿಗೆ ಒಂದು ಹುಳುವನ್ನೂ ಉಳಿಸಿಕೊಳ್ಳಲಿಲ್ಲ. ಬೇವಿನ ನೆರಳು, ಮೇಲೆ ಒದ್ದೆ ಗೋಣಿತಟ್ಟು, ಹಿಂಡಿದರೆ ಒಂದೆರಡು ಹನಿಯಷ್ಟೇ ಬರುವ ತೇವ, ತಳದಲ್ಲಿ ನೀರು ಬಸಿಯಲು ತೂತು: ಇಷ್ಟು ಬೇಕೇ ಬೇಕು. ಹಸಿ ಸಗಣಿ ಕಾವೇರುತ್ತದೆ, ಅರೆಕಳಿತದ್ದನ್ನು ಹಾಕಿರಿ. ಸೊಪ್ಪು, ಕಾಯಿಸಿಪ್ಪೆ ಸಲ್ಲುತ್ತವೆ. ನಿಂಬೆಸಿಪ್ಪೆ, ಎಣ್ಣೆ, ಉಪ್ಪುಖಾರದ ಎಂಜಲು ಸಲ್ಲವು. ಇರುವೆಗೆ ಡ್ರಮ್ಮಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಸಾಕು.

ಡಾರ್ವಿನ್ನರ ಸುಣ್ಣದ ಪ್ರಯೋಗವನ್ನು ನಾವೂ ಮಾಡೋಣವೆಂದು ತರಗತಿಯಲ್ಲಿ ಹೇಳಿ, ಇಟ್ಟಿಗೆ ಚೂರುಗಳನ್ನೂ ಒಟ್ಟು ಮಾಡಿಸಿದ್ದೆವು. ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, ನಮ್ಮ ಎರೆಹೊಲದಲ್ಲಿ ಅದು ನಡೆಯದು ಎಂದಳು. ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು ಬಿಡುತ್ತದೆ, ಚೂರುಗಳು ತಾವಾಗಿಯೇ ಒಳಗೆ ಬೀಳುತ್ತವೆ, ಹುಳು ಹೂತದ್ದೋ ಬಿರುಕು ನುಂಗಿದ್ದೋ ತಿಳಿಯುವುದು ಹೇಗೆ ಎಂಬುದು ಅವಳ ಪ್ರಶ್ನೆ. ಕಪ್ಪುಮಣ್ಣು ಒಣಗಿ ಬಿರಿದು, ನೆನೆದು ಉಬ್ಬಿ ತನ್ನನ್ನು ತಾನೇ ಉಳುತ್ತದೆಂಬುದನ್ನು ನಾವೇ ಪಾಠ ಮಾಡಿದ್ದೆವು. ಇಲ್ಲಿ ಮಾತ್ರ ನೆನಪಾಗಿರಲಿಲ್ಲ. ಅವಳು ಇಷ್ಟನ್ನೂ ಎಲ್ಲಿಯೂ ತಡವರಿಸದೆ ಕನ್ನಡದಲ್ಲಿ ಹೇಳಿದಳು. ಚೂರುಗಳ ಚೀಲ ಈಗ ಶಾಲೆಯ ಜಗಲಿಯ ಮೇಲಿದೆ. ಮಳೆ ಬಂದ ಮೇಲೆ ಗುಡ್ಡದ ಕಡೆಯ ಕೆಂಪುಮಣ್ಣಿನ ತುಣುಕೊಂದನ್ನು ಹುಡುಕಬೇಕಾಗಿದೆ.